ಸೆಕೆಂಡ್ ಹ್ಯಾಂಡ್ ಗೇಮಿಂಗ್ ಕಂಪ್ಯೂಟರ್ ಕೊಳ್ಳಬೇಕೋ, ಹೊಸದನ್ನು ಜೋಡಿಸಿಕೊಳ್ಳಬೇಕೋ? ಮಳೆಗಾಲಕ್ಕೆ ಮುಂಚೆ ತೀರ್ಮಾನಿಸಬೇಕಾಗಿದೆ

ಪ್ರಶ್ನೆ ಕೇಳಿದವರು, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ಪದವಿ ಓದುತ್ತಿರುವ ನನ್ನ ತಮ್ಮನಿಗೆ ಒಂದು ಗೇಮಿಂಗ್ ಕಂಪ್ಯೂಟರ್ ಬೇಕಾಗಿದೆ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಆಡುವ ಆಸೆ ಅವನಿಗಿದೆ. ಅದಕ್ಕಿಂತ ಹೆಚ್ಚಾಗಿ, ಮೂರು ಆಯಾಮದ ಚಿತ್ರ ಮಾಡುವ ಬ್ಲೆಂಡರ್ ತಂತ್ರಾಂಶ ಕಲಿತು ಆನಿಮೇಷನ್ ಕೆಲಸಕ್ಕೆ ಸೇರಬೇಕೆಂದು ಎರಡು ವರ್ಷದಿಂದ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಹೆಣಗುತ್ತಿದ್ದಾನೆ. ಒಂದು ಚಿತ್ರವನ್ನು ರಾತ್ರಿ ಊಟಕ್ಕೆ ಮುಂಚೆ ರೆಂಡರ್‌ಗೆ (ಅಂತಿಮ ಚಿತ್ರ ತಯಾರಾಗಲು) ಬಿಟ್ಟರೆ ಬೆಳಗಿನ ಕಾಫಿಯ ಹೊತ್ತಿಗೂ ಮುಗಿದಿರುವುದಿಲ್ಲ. ಈ ಸಲ ಅಡಿಕೆ ಮಾರಿದ ಹಣದಲ್ಲಿ ಇದಕ್ಕೆಂದೇ 60,000 ರೂಪಾಯಿ ತೆಗೆದಿಟ್ಟಿದ್ದೇನೆ. ಮಾನಿಟರ್ ಸೇರಿ ಇಷ್ಟರೊಳಗೆ ಆಗಬೇಕು.

ನನ್ನ ಮುಂದೆ ಎರಡು ದಾರಿಗಳಿವೆ. ಶಿವಮೊಗ್ಗದ ಒಂದು ಅಂಗಡಿಯವರು ರೈಜೆನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ ಮತ್ತು 8 ಜಿಬಿಯ ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡ್ ಹಾಕಿ ಹೊಸದನ್ನು ಜೋಡಿಸಿಕೊಡಲು ಮಾನಿಟರ್ ಬಿಟ್ಟು 82,000 ಕೇಳಿದ್ದಾರೆ. ಇನ್ನೊಂದು ಕಡೆ, ವಿನೋಬನಗರದ ಒಬ್ಬ ಯುವಕರು ಬೆಂಗಳೂರಿಗೆ ಕೆಲಸಕ್ಕೆ ಹೊರಟಿದ್ದು, 2021ರಲ್ಲಿ ಕೊಂಡ ತಮ್ಮ ಕಂಪ್ಯೂಟರನ್ನು 24 ಇಂಚಿನ 144 ಹರ್ಟ್ಸ್ ಮಾನಿಟರ್ ಸಮೇತ 46,000ಕ್ಕೆ ಕೊಡುವುದಾಗಿ ಹೇಳುತ್ತಿದ್ದಾರೆ. ಅದರಲ್ಲಿ ರೈಜೆನ್ 5 3600, ಬಿ450 ಬೋರ್ಡ್, 16 ಜಿಬಿ ರ‍್ಯಾಮ್, 12 ಜಿಬಿಯ ಆರ್‌ಟಿಎಕ್ಸ್ 3060, 512 ಜಿಬಿ ಎಸ್‌ಎಸ್‌ಡಿ ಇವೆ. ಎಲ್ಲ ಬಿಲ್ಲುಗಳನ್ನೂ ಇಟ್ಟುಕೊಂಡಿದ್ದಾರೆ.

ನಮ್ಮ ಮನೆ ಪೇಟೆಯಿಂದ ಸಾಕಷ್ಟು ಒಳಗೆ, ಆಗುಂಬೆಯ ದಿಕ್ಕಿನಲ್ಲಿದೆ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತಿರುತ್ತದೆ, ಕಪಾಟಿನಲ್ಲಿಟ್ಟ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಸಂಜೆ ತೋಟದ ಪಂಪ್ ಚಾಲೂ ಮಾಡಿದರೆ ಮನೆಯ ದೀಪ ಮಂಕಾಗುತ್ತದೆ. ಇಂಥ ಕಡೆಗೆ ಹಳೆಯ ಯಂತ್ರ ತರುವುದು ಸರಿಯೇ ಎಂಬುದು ನನ್ನ ಮುಖ್ಯ ಅನುಮಾನ. ತಿಳಿದವರು ದಯವಿಟ್ಟು ಹೇಳಿ.

ಹೊಸನಗರ ಮೂಲದವರು, ಈಗ ಬೆಂಗಳೂರಿನಲ್ಲಿ

ಅಣ್ಣಾ, ನನ್ನ ಅಭಿಪ್ರಾಯದಲ್ಲಿ ತಾವು ಹೊಸದನ್ನೇ ತೆಗೆದುಕೊಳ್ಳುವುದು ಒಳ್ಳೆಯದು. ಬಜೆಟ್ ಕಡಿಮೆಯಾದರೆ ಕಾರ್ಡನ್ನು ಕೆಳಗಿಳಿಸಿ, ಅಥವಾ ಒಳಗೇ ಗ್ರಾಫಿಕ್ಸ್ ಇರುವ ರೈಜೆನ್ 5 8600ಜಿ ಹಾಕಿಸಿ. ವ್ಯಾಲೊರಂಟ್‌ಗೆ ಅಷ್ಟು ಸಾಕು, ಕಾರ್ಡನ್ನು ಮುಂದಿನ ವರ್ಷದ ಅಡಿಕೆ ಹಣದಲ್ಲಿ ಕೊಳ್ಳಬಹುದು. 2021ರಲ್ಲಿ ಕೊಂಡ ಕಾರ್ಡಿಗೆ ಸಾಮಾನ್ಯವಾಗಿ ಮೂರು ವರ್ಷದ ವಾರಂಟಿ ಇರುತ್ತದೆ, ಅದು ಮುಗಿದು ಹೋಗಿದೆ. 3060 ಬಂದದ್ದೇ 2021ರ ಫೆಬ್ರುವರಿಯಲ್ಲಿ. ಆಗ ಕ್ರಿಪ್ಟೊ ಮೈನಿಂಗ್, ಅಂದರೆ ಕಾರ್ಡುಗಳನ್ನು ಲೆಕ್ಕಕ್ಕೆ ಹಚ್ಚಿ ಡಿಜಿಟಲ್ ಹಣ ಗಳಿಸುವ ಜ್ವರ ಏರಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಡಿಜಿಟಲ್ ಹಣ ತನ್ನ ಪದ್ಧತಿ ಬದಲಿಸಿ ಕಾರ್ಡುಗಳ ಮೈನಿಂಗ್ ನಿಲ್ಲಿಸಿದ ಮೇಲೆ, ವರ್ಷಗಟ್ಟಲೆ ಹಗಲು ರಾತ್ರಿ ಓಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಅಂಥದ್ದೊಂದು ತಮ್ಮ ಪಾಲಿಗೆ ಬಂದರೆ, ಕೆಟ್ಟ ದಿನ ಯಾರನ್ನು ಕೇಳುತ್ತೀರಿ? ಬೆಂಗಳೂರಿನಲ್ಲಿದ್ದರೆ ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗಿ ಸರಿಮಾಡಿಸಬಹುದು. ತೀರ್ಥಹಳ್ಳಿಯಿಂದ ಪ್ರತಿ ಸಲ 60 ಕಿಲೋಮೀಟರ್ ಶಿವಮೊಗ್ಗಕ್ಕೆ ಹೊತ್ತುಕೊಂಡು ಹೋಗಲಾಗುವುದಿಲ್ಲ.

ಕಂಪ್ಯೂಟರ್ ರಿಪೇರಿ ಕೆಲಸದವರು, ಶಿವಮೊಗ್ಗ

ಹೊಸನಗರದ ಮಿತ್ರರ ಕಾಳಜಿ ನ್ಯಾಯವಾದದ್ದೇ. ಆದರೆ ಶಿವಮೊಗ್ಗದಲ್ಲಿ ಕುಳಿತು ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಕಡೆಯಿಂದ ಬರುವ ಯಂತ್ರಗಳನ್ನು ಹತ್ತೊಂಬತ್ತು ವರ್ಷದಿಂದ ಬಿಚ್ಚುತ್ತಿರುವ ನನ್ನ ಅನುಭವ ಸ್ವಲ್ಪ ಬೇರೆ ಮಾತನ್ನು ಹೇಳುತ್ತದೆ. ನಮ್ಮ ಕಡೆ ಕಂಪ್ಯೂಟರ್ ಸಾಯುವುದು ಹಳತಾಗಿದ್ದಕ್ಕಲ್ಲ. ಒಂದು, ಸಿಡಿಲಿನ ಕಾಲದಲ್ಲಿ ಕರೆಂಟಿನ ಹೊಡೆತಕ್ಕೆ. ಇನ್ನೊಂದು, ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು. ಈ ಎರಡಕ್ಕೂ ಸಾಮಾನ್ಯವಾಗಿ ಯಾವ ಕಂಪನಿಯ ವಾರಂಟಿಯೂ ಅನ್ವಯಿಸುವುದಿಲ್ಲ. ಬೋರ್ಡಿನ ಮೇಲೆ ಸುಟ್ಟ ಕಲೆಯೋ ಹಸಿರು ಕಿಲುಬೋ ಕಂಡರೆ, ಕೊಂಡು ಎಂಟು ತಿಂಗಳಾಗಿದ್ದರೂ ವಾಪಸ್ ಕಳಿಸುತ್ತಾರೆ. 82,000 ಕೊಟ್ಟು ಹೊಸದನ್ನು ತಂದು ಅರ್ತಿಂಗ್ ಇಲ್ಲದ ಪಾಯಿಂಟಿಗೆ ಸಿಕ್ಕಿಸಿದವರಿಗಿಂತ, 40,000ದ ಹಳೆಯದನ್ನು ತಂದು ಉಳಿದ ಹಣವನ್ನು ಒಳ್ಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ಕರೆಂಟು ಒದಗಿಸುವ ಒಳಪೆಟ್ಟಿಗೆ), ಯುಪಿಎಸ್ (ಕರೆಂಟು ಹೋದಾಗ ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ ಪೆಟ್ಟಿಗೆ) ಮತ್ತು ಅರ್ತಿಂಗ್‌ಗೆ ಹಾಕಿದವರ ಯಂತ್ರ ಹೆಚ್ಚು ಕಾಲ ಬಾಳಿದ್ದನ್ನು ನಾನು ಕಂಡಿದ್ದೇನೆ.

ಆದ್ದರಿಂದ ಹಳತೋ ಹೊಸತೋ ಎಂಬುದಕ್ಕಿಂತ, ಯಾವ ಭಾಗ ಹಳತಾಗಿದ್ದರೂ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ನೋಡಬೇಕು. ಪ್ರೊಸೆಸರ್ ಹಾಳಾಗುವುದು ಬಹಳ ಅಪರೂಪ. ರ‍್ಯಾಮ್ ಕೂಡ ಹಾಗೆಯೇ, ಕಾಲಿನ ಚಿನ್ನದ ಬಣ್ಣ ಮಸುಕಾಗಿದ್ದರೆ ಒರೆಸಿ ಕೂರಿಸಿದರಾಯಿತು. ಇಲ್ಲಿ ಇನ್ನೊಂದು ವಿಷಯವಿದೆ: 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ವಿಪರೀತ ಏರಿದೆ, ಮೈಕ್ರಾನ್‌ನವರು ಅದೇ ಡಿಸೆಂಬರ್‌ನಲ್ಲಿ ಕ್ರೂಶಿಯಲ್ ಹೆಸರಿನ ಗ್ರಾಹಕ ಮಾರಾಟವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿದರು. ಹೀಗಾಗಿ 16 ಜಿಬಿ ಆಗಲೇ ಹಾಕಿರುವ ಹಳೆಯ ಯಂತ್ರದ ಲೆಕ್ಕ ಈಗ ಮೊದಲಿನಂತಿಲ್ಲ. 8600ಜಿ ಹಾಕಬೇಕೆಂದರೆ ಡಿಡಿಆರ್5 ಎಂಬ ಬೇರೆ ಬಗೆಯ ರ‍್ಯಾಮನ್ನೇ ಹೊಸದಾಗಿ ಕೊಳ್ಳಬೇಕಾಗುತ್ತದೆ. ಅಲ್ಲಿಯೇ ಉಳಿತಾಯ ಕರಗಿಹೋಗುತ್ತದೆ. ಅದರ ಒಳಗ್ರಾಫಿಕ್ಸ್ ಬ್ಲೆಂಡರ್ ಕಲಿಯುವ ಹುಡುಗನಿಗೆ ಸಾಲುವುದೂ ಇಲ್ಲ.

ಕಾರ್ಡಿನ ಬಗ್ಗೆ ಹೇಳುವುದಾದರೆ, ಆಟಕ್ಕೆ 5060 ಖಂಡಿತ ವೇಗವಾದದ್ದು. ಆದರೆ ಬ್ಲೆಂಡರ್‌ನಲ್ಲಿ ದೃಶ್ಯ ದೊಡ್ಡದಾದಂತೆ ಕಾರ್ಡಿನ ಸ್ವಂತ ಮೆಮೊರಿಯೇ ಮುಖ್ಯವಾಗುತ್ತದೆ. ಅದು ತುಂಬಿತೆಂದರೆ ರೆಂಡರ್ ಕುಂಟುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಅಲ್ಲಿ 8 ಜಿಬಿಗಿಂತ 12 ಜಿಬಿ ಮೇಲು. ಒಂದು ಎಚ್ಚರಿಕೆ: 3060ರಲ್ಲಿ 8 ಜಿಬಿಯ ಇನ್ನೊಂದು ರೂಪವೂ ಇದೆ, ಅದರ ಮೆಮೊರಿ ಬಸ್ (ಮೆಮೊರಿಗೆ ಮಾಹಿತಿ ಹರಿಯುವ ದಾರಿ) 128 ಬಿಟ್ ಮಾತ್ರ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು 12 ಜಿಬಿ, 192 ಬಿಟ್ ಎಂದಿರುವುದನ್ನು ಕಣ್ಣಾರೆ ನೋಡಿಕೊಳ್ಳಿ.

ಎಸ್‌ಎಂಪಿಎಸ್ ಮಾತ್ರ ಹಳೆಯದು ಬೇಡ, ಯಾರು ಎಷ್ಟೇ ಹೇಳಲಿ. ಅದರೊಳಗಿನ ಕೆಪಾಸಿಟರ್‌ಗಳು ಬಿಸಿಗೆ ವರ್ಷ ವರ್ಷಕ್ಕೆ ಸೊರಗುತ್ತವೆ. ಅದು ಹೋಗುವಾಗ ಕೆಲವೊಮ್ಮೆ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ. ಹೊಸದನ್ನು ಕೊಳ್ಳುವಾಗ ಅದರ ಮೈಮೇಲಿನ ಚೀಟಿಯಲ್ಲಿ ಇನ್‌ಪುಟ್ ಎಂದು ಬರೆದಿರುವ ಸಾಲನ್ನು ಓದಿ. 200ರಿಂದ 240 ವೋಲ್ಟ್ ಎಂದಿದ್ದರೆ ತಮ್ಮ ಮನೆಗೆ ಬೇಡ. 100ರಿಂದ 240 ಎಂದಿರುವುದನ್ನೇ ತನ್ನಿ. ಪಂಪ್ ಚಾಲೂ ಆಗಿ ವೋಲ್ಟೇಜ್ 170ಕ್ಕೆ ಕುಸಿದಾಗ ಮೊದಲನೆಯದು ಧಪ್ಪನೆ ಆರುತ್ತದೆ, ಎರಡನೆಯದು ಏನೂ ಆಗದಂತೆ ನಡೆಯುತ್ತಿರುತ್ತದೆ.

ಮೈನಿಂಗ್ ಮಾಡಿದ ಕಾರ್ಡು ಎಂಬ ಹೆದರಿಕೆಗೆ ಪರೀಕ್ಷೆಯೇ ಉತ್ತರ. ಮಾರುವವರ ಮನೆಯಲ್ಲೇ ಕಾರ್ಡಿಗೆ ಪೂರ್ತಿ ಹೊರೆ ಹಾಕುವ ಫರ್‌ಮಾರ್ಕ್ ಅರ್ಧ ಗಂಟೆ ಓಡಿಸಿ, ಪಕ್ಕದಲ್ಲಿ ತಾಪ ತೋರಿಸುವ ಎಚ್‌ಡಬ್ಲ್ಯುಇನ್ಫೊ ತೆರೆದಿಡಿ. ಕಾರ್ಡಿನ ಸಾಮಾನ್ಯ ತಾಪಕ್ಕೂ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿಯಾದ ಜಾಗ) ತಾಪಕ್ಕೂ ನಡುವೆ 10ರಿಂದ 15 ಡಿಗ್ರಿ ವ್ಯತ್ಯಾಸವಿದ್ದರೆ ಸರಿಯಿದೆ. 20 ದಾಟಿದರೆ ಚಿಪ್ಪಿನ ಬಿಸಿಯನ್ನು ಹೊರಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದೆ. ಬದಲಿಸಬಹುದು, ಆದರೆ ಬೆಲೆ ಇಳಿಸಬೇಕು. ತೆರೆಯ ಮೇಲೆ ಬಣ್ಣದ ಚುಕ್ಕೆಗಳೋ ಗೆರೆಗಳೋ ಬಂದರೆ ಮಾತಿಲ್ಲದೆ ಎದ್ದು ಬನ್ನಿ.

ಸಾಗರದ ವಿದ್ಯಾರ್ಥಿ

ಅಣ್ಣಾ, ಮೂರನೆಯ ದಾರಿಯೊಂದು ಆನ್‌ಲೈನಿನಲ್ಲಿ ಕಾಣಿಸುತ್ತದೆ, ಅದಕ್ಕೆ ಮಾತ್ರ ಹೋಗಬೇಡಿ. 25,000ಕ್ಕೆ ಹೊಸ ಐ7 ಗೇಮಿಂಗ್ ಪಿಸಿ ಎಂದು ದೀಪ ಮಿನುಗುವ ಕ್ಯಾಬಿನೆಟ್ಟಿನ ಚಿತ್ರ ಹಾಕಿರುತ್ತಾರೆ. ನಮ್ಮ ಹಾಸ್ಟೆಲ್ ಗೆಳೆಯರೊಬ್ಬರು ತರಿಸಿದರು. ತೆರೆದು ನೋಡಿದರೆ ಒಳಗಿದ್ದದ್ದು 2012ರ ಮೂರನೇ ತಲೆಮಾರಿನ ಐ7. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು, ರೈಜೆನ್‌ನಲ್ಲಿ 2000 ಸರಣಿಯಾದರೂ ಬೇಕು. ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳಿಲ್ಲದೆ ವ್ಯಾಲೊರಂಟ್ ತೆರೆಯುವುದೇ ಇಲ್ಲ. ನೀವು ಹೇಳಿದ 3600ರ ಯಂತ್ರದಲ್ಲಿ ಇವೆರಡೂ ಇವೆ, ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಚಾಲೂ ಮಾಡಿಕೊಂಡರೆ ಸಾಕು.

ಕೊಪ್ಪದ ಸದಸ್ಯೆ

ನಾನು ಮನೆಯಿಂದಲೇ ಕಟ್ಟಡಗಳ ಮೂರು ಆಯಾಮದ ಚಿತ್ರ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಸಿಡಿಲಿನ ವಿಷಯದಲ್ಲಿ ನಾನು ಅನುಭವಿಸಿದ್ದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕೆಲವು ವರ್ಷಗಳ ಹಿಂದೆ, ಏಪ್ರಿಲ್ ಕೊನೆಯ ಒಂದು ಸಂಜೆ, ಗುಡುಗು ಶುರುವಾಗುತ್ತಿದ್ದಂತೆ ನಾನು ಕಂಪ್ಯೂಟರಿನ ಪ್ಲಗ್ ಕಿತ್ತಿಟ್ಟು, ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯನ್ನು ಒಳಗೆ ಹಾಕಲು ಓಡಿದೆ. ಯಂತ್ರ ಸುರಕ್ಷಿತವಾಗಿದೆ ಎಂದೇ ನಂಬಿದ್ದೆ. ಮರುದಿನ ನೋಡಿದರೆ ಬೋರ್ಡು ಸತ್ತಿತ್ತು. ಹಿಂಬದಿಯಲ್ಲಿ ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಲ್ಯಾನ್ ಕಿಂಡಿಯ ಒಳಗಿನ ಎಂಟು ಸಣ್ಣ ತಂತಿಗಳಲ್ಲಿ ಎರಡು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಸಿಡಿಲು ಟೆಲಿಫೋನ್ ತಂತಿಯಿಂದ ಮೋಡೆಮ್‌ಗೆ ಇಳಿದು, ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಬಂದಿತ್ತು. ನಾನು ಕಿತ್ತದ್ದು ಕರೆಂಟಿನ ಪ್ಲಗ್ ಮಾತ್ರ.

ಈಗ ನಮ್ಮಲ್ಲಿ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೂ ಫೈಬರ್ ಮೋಡೆಮ್ ಪೆಟ್ಟಿಗೆಗೆ ಕರೆಂಟು ಅಡಾಪ್ಟರ್‌ನಿಂದಲೇ ಬರುತ್ತದೆ, ಆದ್ದರಿಂದ ಮೋಡ ಕಟ್ಟಿದೊಡನೆ ಕರೆಂಟಿನ ಪ್ಲಗ್, ಲ್ಯಾನ್ ಕೇಬಲ್ ಎರಡನ್ನೂ ಬಿಡಿಸುತ್ತೇನೆ. ತಾವು ಕಂಪ್ಯೂಟರ್ ತರುವ ಮೊದಲು ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ, ಆ ಪಾಯಿಂಟಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜನ್ನು ಮಲ್ಟಿಮೀಟರ್‌ನಿಂದ ಅಳೆಸಿ. ಎರಡು ಮೂರು ವೋಲ್ಟ್ ಒಳಗಿದ್ದರೆ ನೆಮ್ಮದಿ. ನಮ್ಮ ಮನೆಯಲ್ಲಿ 31 ತೋರಿಸಿತು. ಹಿಂದಿನವರು ಇದ್ದಿಲು, ಉಪ್ಪು ಹಾಕಿ ಮಾಡಿಸಿದ್ದ ಗುಂಡಿಯಲ್ಲಿ ತಂತಿ ತುಕ್ಕು ಹಿಡಿದು ತುಂಡಾಗಿಯೇ ಹೋಗಿತ್ತು. ಹೊಸ ಗುಂಡಿ ತೋಡಿಸಲು ತಗುಲಿದ ಖರ್ಚು ಒಂದು ಎಸ್‌ಎಸ್‌ಡಿಯ ಬೆಲೆಗಿಂತ ಕಡಿಮೆ.

ಹೊಸನಗರ ಮೂಲದವರು, ಈಗ ಬೆಂಗಳೂರಿನಲ್ಲಿ

ರಿಪೇರಿ ಕೆಲಸದವರು ಹೇಳಿದ ವಾರಂಟಿಯ ಮಾತು ನನ್ನ ಲೆಕ್ಕದಲ್ಲಿ ಇರಲಿಲ್ಲ, ಒಪ್ಪುತ್ತೇನೆ. ಆದರೂ ಒಂದು ಆಕ್ಷೇಪ ಉಳಿಯುತ್ತದೆ. 3600ರಲ್ಲಿ ಒಳಗ್ರಾಫಿಕ್ಸ್ ಇಲ್ಲ. ಕಾರ್ಡ್ ಕೆಟ್ಟರೆ ತೆರೆಯ ಮೇಲೆ ಏನೂ ಬಾರದು, ರಿಪೇರಿಯಾಗುವವರೆಗೆ ಇಡೀ ಯಂತ್ರ ಮೂಲೆ ಸೇರುತ್ತದೆ. ಮಳೆಗಾಲದಲ್ಲಿ ಶಿವಮೊಗ್ಗಕ್ಕೆ ಓಡಾಡುವುದೇ ಕಷ್ಟವಾಗಿರುವಾಗ ಇದು ಸಣ್ಣ ವಿಷಯವಲ್ಲ. ಹಳೆಯದನ್ನೇ ಕೊಳ್ಳುವುದಾದರೆ, ಬರೀ ಚಿತ್ರ ಬರಿಸಲು ಸಾಕಾಗುವಂಥ ಯಾವುದಾದರೂ ಹಳೆಯ ಸಣ್ಣ ಕಾರ್ಡನ್ನು ಸಾವಿರ ರೂಪಾಯಿಗೆ ತೆಗೆದು ಡಬ್ಬಿಯಲ್ಲಿ ಇಟ್ಟುಕೊಂಡಿರಿ.

ಪ್ರಶ್ನೆ ಕೇಳಿದವರು, ತೀರ್ಥಹಳ್ಳಿ ತಾಲ್ಲೂಕು

ಭಾನುವಾರ ತಮ್ಮನನ್ನು ಕರೆದುಕೊಂಡು ವಿನೋಬನಗರಕ್ಕೆ ಹೋಗಿ ಬಂದೆ. ಆ ಯುವಕರು ಬಹಳ ಸಹನೆಯಿಂದ ಎಲ್ಲವನ್ನೂ ತೋರಿಸಿದರು, ಅವರ ತಾಯಿಯವರು ಎರಡು ಸಲ ಕಾಫಿ ಕೊಟ್ಟರು. ಕಾರ್ಡು 12 ಜಿಬಿ, 192 ಬಿಟ್ ಎಂದೇ ಇತ್ತು. ಫರ್‌ಮಾರ್ಕ್ ಅರ್ಧ ಗಂಟೆ ಓಡಿತು. ಮೊದಲ ಐದು ನಿಮಿಷ ಎಲ್ಲ ಸರಿಯಿತ್ತು. ಆಮೇಲೆ ಫ್ಯಾನುಗಳು ಗಿರಣಿಯಂತೆ ಸದ್ದು ಮಾಡತೊಡಗಿದವು. ಕಾರ್ಡಿನ ತಾಪ 79ಕ್ಕೆ ಬಂದು ನಿಂತರೂ ಹಾಟ್‌ಸ್ಪಾಟ್ 104ರವರೆಗೆ ಏರಿತು. ಚುಕ್ಕೆ, ಗೆರೆ ಯಾವುದೂ ಬರಲಿಲ್ಲ. ಎಸ್‌ಎಸ್‌ಡಿಯ ಆರೋಗ್ಯ 84 ಶೇಕಡ ಎಂದು ಕ್ರಿಸ್ಟಲ್ ಡಿಸ್ಕ್ ಇನ್ಫೊ ತೋರಿಸಿತು. ಎಸ್‌ಎಂಪಿಎಸ್ ಮೇಲಿನ ಚೀಟಿಯನ್ನು ಮೊಬೈಲ್ ಬೆಳಕು ಹಿಡಿದು ಓದಿದೆವು: 200ರಿಂದ 240 ವೋಲ್ಟ್. ಕ್ಯಾಬಿನೆಟ್ಟಿನ ಒಳಗೆ ಕೆಂಪು ಧೂಳು ಬಿಟ್ಟರೆ ಕಿಲುಬೆಲ್ಲೂ ಕಾಣಲಿಲ್ಲ. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಯುಪಿಎಸ್ ಎಷ್ಟು ದೊಡ್ಡದು ಬೇಕು? ಮನೆಯಲ್ಲಿ ಇನ್ವರ್ಟರ್ ಇದೆ, ಅದಕ್ಕೇ ಜೋಡಿಸಬಹುದೇ?

ಕಂಪ್ಯೂಟರ್ ರಿಪೇರಿ ಕೆಲಸದವರು, ಶಿವಮೊಗ್ಗ

25 ಡಿಗ್ರಿ ವ್ಯತ್ಯಾಸವೆಂದರೆ ಪೇಸ್ಟ್ ಒಣಗಿದೆ, ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡುಗಳೂ ಗಟ್ಟಿಯಾಗಿರಬಹುದು. ಅರ್ಧ ಗಂಟೆ ಚುಕ್ಕೆಯಿಲ್ಲದೆ ಓಡಿದೆ ಎಂದ ಮೇಲೆ ಚಿಪ್ ಗಟ್ಟಿಯಾಗಿದೆ ಎಂದು ನಂಬಬಹುದು. ಪೇಸ್ಟ್ ಬದಲಿಸುವ ಖರ್ಚು ಮತ್ತು ಹೊಸ ಎಸ್‌ಎಂಪಿಎಸ್ ಬೆಲೆ ಎರಡನ್ನೂ ಮುಂದಿಟ್ಟು 40,000 ಕೇಳಿ. ಬಿಲ್ಲುಗಳಿರುವ ಯಂತ್ರ, ಮೊದಲ ಒಡೆಯರೇ ಮಾರುತ್ತಿರುವುದು, ಮನೆಗೆ ಕರೆದು ಓಡಿಸಿ ತೋರಿಸಿದ್ದು, ಇವೆಲ್ಲ ಒಳ್ಳೆಯ ಲಕ್ಷಣಗಳು. ಬಿಲ್ಲುಗಳ ಮೇಲೆ ಅವರಿಂದ ಮಾರಿದ ದಿನಾಂಕ ಬರೆಸಿ ಸಹಿ ಹಾಕಿಸಿಕೊಳ್ಳಿ.

ಇನ್ವರ್ಟರ್ ವಿಷಯದಲ್ಲಿ ಎಚ್ಚರವಿರಲಿ. ಸ್ಕ್ವೇರ್ ವೇವ್ (ಒರಟು ಅಲೆಯ ಕರೆಂಟು ಕೊಡುವ) ಇನ್ವರ್ಟರ್ ಆದರೆ ಇದಕ್ಕೆ ಜೋಡಿಸಲೇಬೇಡಿ. ಸೈನ್ ವೇವ್ (ಮನೆ ಕರೆಂಟಿನಂತೆ ನಯವಾದ ಅಲೆಯ) ಆದರೂ, ಯುಪಿಎಸ್ ಮೋಡ್ ಇಲ್ಲದಿದ್ದರೆ ಕರೆಂಟು ಹೋದಾಗ ಬದಲಾಗುವ ಆ ಕ್ಷಣದಲ್ಲಿ ಯಂತ್ರ ಆರಿಹೋಗಬಹುದು. 3060 ಕಾರ್ಡೊಂದೇ 170 ವಾಟ್ ತೆಗೆದುಕೊಳ್ಳುತ್ತದೆ. ಪ್ರೊಸೆಸರ್, ಮಾನಿಟರ್ ಸೇರಿ ಆಟದ ಹೊತ್ತಿನಲ್ಲಿ 300 ವಾಟ್ ಆಸುಪಾಸು ಬರುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ಮಾತ್ರ ಕೊಡಬಲ್ಲದು, ಕಾರ್ಡು ಕ್ಷಣಮಾತ್ರ ಹೆಚ್ಚು ಎಳೆದಾಗ ಅದು ಕೈಚೆಲ್ಲುತ್ತದೆ. 1000 ಅಥವಾ 1100 ವಿಎಯದ್ದು ತನ್ನಿ. ಅದು ಆಟ ಮುಂದುವರಿಸುವುದಕ್ಕಲ್ಲ, ಕೆಲಸ ಉಳಿಸಿ ಸರಿಯಾಗಿ ಆರಿಸುವುದಕ್ಕೆ.

ಸಾಗಿಸುವಾಗ ಕಾರ್ಡನ್ನು ಬೋರ್ಡಿನಿಂದ ಕಡ್ಡಾಯವಾಗಿ ಬಿಚ್ಚಿ ಬೇರೆ ಕಟ್ಟಿ. ಅಷ್ಟು ಭಾರದ ಕಾರ್ಡು ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಿದರೆ ಸ್ಲಾಟೇ ಸೀಳುತ್ತದೆ. ಅಂಥ ಬೋರ್ಡುಗಳು ನನ್ನ ಅಂಗಡಿಗೆ ಬರುತ್ತಲೇ ಇರುತ್ತವೆ. ಮಾನಿಟರನ್ನು ಮಲಗಿಸದೆ ನಿಲ್ಲಿಸಿಯೇ ಒಯ್ಯಿರಿ.

ಮಳೆಗಾಲದ ಬಗ್ಗೆ: ಯಂತ್ರವನ್ನು ಬೆವರುವ ಗೋಡೆಯಿಂದ ಒಂದು ಮೊಳ ಈಚೆಗೆ, ನೆಲಕ್ಕೆ ತಾಗದಂತೆ ಮಣೆಯ ಮೇಲೆ ಇಡಿ. ದಿನಕ್ಕೊಂದು ಗಂಟೆಯಾದರೂ ಓಡಿಸಿ. ಅದರ ಬಿಸಿಯೇ ತೇವವನ್ನು ಓಡಿಸುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಪ್ಲಾಸ್ಟಿಕ್ ಹೊದಿಸಿ ಮುಚ್ಚಿಟ್ಟ ಯಂತ್ರಗಳಿಗೇ ಹೆಚ್ಚು ಕಿಲುಬು ಹಿಡಿಯುತ್ತದೆ. ಪ್ಲಾಸ್ಟಿಕ್ ಬೇಡ, ಹತ್ತಿಯ ಬಟ್ಟೆ ಸಾಕು. ಹಿಂಬದಿಯ ಖಾಲಿ ಕಿಂಡಿಗಳಿಗೆ ಜಾಲರಿ ಕಟ್ಟಿ. ಬೆಚ್ಚಗಿನ ಜಾಗವೆಂದು ಹಲ್ಲಿಗಳು ಎಸ್‌ಎಂಪಿಎಸ್ ಒಳಗೆ ಸೇರಿಕೊಳ್ಳುತ್ತವೆ.

ಕೊಪ್ಪದ ಸದಸ್ಯೆ

ನಿಮ್ಮ ತಮ್ಮ ಬ್ಲೆಂಡರ್ ತೆರೆದೊಡನೆ ಪ್ರಿಫರೆನ್ಸಸ್‌ನಲ್ಲಿ ಸಿಸ್ಟಮ್ ಎಂಬಲ್ಲಿಗೆ ಹೋಗಿ ಆಪ್ಟಿಕ್ಸ್ ಆಯ್ದುಕೊಳ್ಳಲಿ, ಸೈಕಲ್ಸ್ ರೆಂಡರ್‌ನಲ್ಲೂ ಜಿಪಿಯು (ಅಂದರೆ ಕಾರ್ಡು) ಎಂದು ಗುರುತು ಹಾಕಲಿ. ಇಲ್ಲವಾದರೆ ಅಷ್ಟು ದುಡ್ಡು ಕೊಟ್ಟ ಕಾರ್ಡು ಸುಮ್ಮನೆ ಕುಳಿತು ಪ್ರೊಸೆಸರ್ ಒಂದೇ ದುಡಿಯುತ್ತದೆ. ನಾನು ಮೊದಲ ಎರಡು ತಿಂಗಳು ಹೀಗೆಯೇ ಕಳೆದುಕೊಂಡೆ.

ಪ್ರಶ್ನೆ ಕೇಳಿದವರು, ತೀರ್ಥಹಳ್ಳಿ ತಾಲ್ಲೂಕು

ಕೆಲಸ ಮುಗಿದಿದೆ. ಯಂತ್ರ 41,000ಕ್ಕೆ ಒಪ್ಪಿತವಾಯಿತು. 100ರಿಂದ 240 ವೋಲ್ಟಿನ 650 ವಾಟ್ ಎಸ್‌ಎಂಪಿಎಸ್‌ಗೆ 5,400, ಯುಪಿಎಸ್‌ಗೆ 6,200, ಪೇಸ್ಟ್ ಮತ್ತು ಪ್ಯಾಡ್ ಬದಲಿಸಿದ್ದಕ್ಕೆ 1,200 ಆಯಿತು. ಅರ್ತಿಂಗ್ ಅಳೆಸಿದಾಗ 18 ವೋಲ್ಟ್ ಬಂತು. ತೋಟದ ಕೆಲಸದವರ ಸಹಾಯದಿಂದ ಬಚ್ಚಲಿನ ಹಿಂದೆ ಹಸಿ ಇರುವ ಕಡೆ ಹೊಸ ಗುಂಡಿ ತೋಡಿಸಿದೆವು, ಅದಕ್ಕೆ 3,800 ಹಿಡಿಯಿತು. ಈಗ ಒಂದೂವರೆ ವೋಲ್ಟ್ ತೋರಿಸುತ್ತಿದೆ. ಸಣ್ಣ ಕಾರ್ಡೊಂದನ್ನು 900ಕ್ಕೆ ಕೊಂಡು ಅಕ್ಕಿ ಡಬ್ಬಿಯ ಪಕ್ಕದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಟ್ಟಿದ್ದೇವೆ. ಎಲ್ಲ ಸೇರಿ 58,500.

ಪೇಸ್ಟ್ ಬದಲಿಸಿದ ಮೇಲೆ ಅದೇ ಪರೀಕ್ಷೆಯಲ್ಲಿ ಹಾಟ್‌ಸ್ಪಾಟ್ 84ಕ್ಕೆ ಇಳಿದಿದೆ, ಕಾರ್ಡಿನ ತಾಪ 71. ನಿನ್ನೆ ಸಂಜೆ ತಮ್ಮ ಆಡುತ್ತಿದ್ದಾಗ ಬೇಕೆಂದೇ ಪಂಪ್ ಚಾಲೂ ಮಾಡಿದೆ. ದೀಪ ಮಂಕಾಯಿತು, ಯಂತ್ರ ಆರಲಿಲ್ಲ. ಲ್ಯಾಪ್‌ಟಾಪಿನಲ್ಲಿ ರಾತ್ರಿಯಿಡೀ ತೆಗೆದುಕೊಳ್ಳುತ್ತಿದ್ದ ಆ ಚಿತ್ರ, ನಮ್ಮ ಮನೆಯ ಅಂಗಳದ ತುಳಸಿಕಟ್ಟೆಯದ್ದು, ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಅಮ್ಮ ಅದನ್ನು ನೋಡಿ, ಕಟ್ಟೆಯ ಬಲಗಡೆ ಒಡೆದ ಮೂಲೆಯನ್ನು ಯಾಕೆ ಬಿಟ್ಟೆ ಎಂದು ಕೇಳಿದರು. ಇವತ್ತು ಅವನು ಅದನ್ನು ಸೇರಿಸುತ್ತಿದ್ದಾನೆ.